ಮಳೆಗಾಲದ ಫ್ಲೂ: ಒಬ್ಬರಿಂದ ಮನೆಯವರಿಗೆಲ್ಲ ಹರಡದಂತೆ ನೀವೇನು ಮಾಡಿದಿರಿ?

ಕುಮಟೆಯ ಸೊಸೆ: ಎರಡನೇ ತರಗತಿಯ ಮಗನಿಗೆ ನಿನ್ನೆ ಫ್ಲೂ ಎಂದರು. ಅತ್ತೆಗೆ 71, ಉಬ್ಬಸ ಬೇರೆ. ಮನೆಯಲ್ಲಿ ಎರಡೇ ಕೋಣೆ. ಅನುಭವವಿದ್ದವರು ಹೇಳಿ.

ಕಾಳಿದಂಡೆ: ನಾವು ಪ್ರತಿ ವರ್ಷ ಮಳೆಗೆ ಮೊದಲೇ ಲಸಿಕೆ ಹಾಕಿಸುತ್ತೇವೆ. ಕಳೆದ ಸಲದ ಕಥೆ ಕೇಳಿ. ಕಾರವಾರದ ಎರಡು ಔಷಧಿ ಅಂಗಡಿಗಳಲ್ಲಿ ದಾಸ್ತಾನಿರಲಿಲ್ಲ. ಮೂರನೆಯದರಲ್ಲಿ ತಲಾ 1,850ಕ್ಕೆ ನಾಲ್ಕು ಸಿಕ್ಕವು. 2ರಿಂದ 8 ಡಿಗ್ರಿಯಲ್ಲಿರಬೇಕಲ್ಲ, ಮೀನಿನ ಥರ್ಮೋಕೋಲ್ ಪೆಟ್ಟಿಗೆ ತೊಳೆದು, ಐಸ್ ತುಂಬಿ ಒಯ್ದೆ. ಮುಚ್ಚಳ ತೆಗೆದೊಡನೆ ಬಂಗುಡೆಯ ವಾಸನೆ! ಒಂದು ಸಿರಿಂಜು ಐಸಿಗೆ ತಾಗಿ ಹೆಪ್ಪುಗಟ್ಟಿತ್ತು, ವೈದ್ಯರು ಎಸೆಯಲು ಹೇಳಿದರು. ಇನ್ನೊಂದು ಕೊಂಡು ತಂದೆ. ಚುಚ್ಚಿದ ಶುಲ್ಕ 400 ಸೇರಿ 9,650. ಆದರೂ ಆ ಮಳೆಗಾಲ ಯಾರೂ ಜ್ವರದಿಂದ ಮಲಗಲಿಲ್ಲ.

ಮೇಲುಘಟ್ಟ: ನಾನೂ ಹಾಕಿಸಿಕೊಂಡೆ, ಆರನೇ ದಿನ ಜ್ವರ. ಅಡಿಕೆ ಸುಲಿಯಲು ಬಂದ ಒಂಬತ್ತು ಜನರಲ್ಲಿ ಒಬ್ಬಾಕೆ ಕೆಮ್ಮುತ್ತಿದ್ದಳು. ಸುಲಿಯುವ ಮೆಟ್ಟುಗತ್ತಿಗಳು ಸಾಲಾಗಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ. ನೀರಿಗೆ ಎಲ್ಲರಿಗೂ ಒಂದೇ ಚೊಂಬು. ನಾಲ್ಕನೇ ದಿನ ಆರು ಕತ್ತಿಗಳ ಮುಂದೆ ಜನವಿಲ್ಲ. ಕೆಂಪಡಿಕೆಗೆಂದು (ಹಸಿಯಾಗಿದ್ದಾಗಲೇ ಸುಲಿದು ಬೇಯಿಸುವುದು) ಕೊಯ್ದದ್ದು ಹಣ್ಣಾಗಿ, ಚಾಲಿಗೆ (ಹಣ್ಣಡಿಕೆಯನ್ನು ಸಿಪ್ಪೆಸಹಿತ ಒಣಗಿಸುವುದು) ಹಾಕಬೇಕಾಯಿತು. ಈಗ ನಂಬುವುದು ಕಾಳುಮೆಣಸಿನ ಕಷಾಯವನ್ನು ಮಾತ್ರ.

ಕಾಳಿದಂಡೆ: ಲಸಿಕೆಯ ಬಲ ಬರಲು ಎರಡು ವಾರ ಬೇಕು ಮಾರಾಯರೇ. ಕೊಯ್ಲು ಶುರುವಾದ ಮೇಲೆ ಹಾಕಿಸಿಕೊಂಡು ಅದನ್ನು ದೂರಿದರೆ? ಕಷಾಯ ಗಂಟಲಿಗೆ ಹಿತ, ಅಷ್ಟೇ.

ಮೇಲುಘಟ್ಟ: ಮೀನಿನ ಪೆಟ್ಟಿಗೆಯಲ್ಲಿ ಲಸಿಕೆ ಹೊತ್ತವರಿಂದ ನಾನು ಕಲಿಯಬೇಕೆ?

ಅಂಕೋಲೆಯ ಟೀಚರ್: ಇಬ್ಬರೂ ಸಾಕುಮಾಡಿ. ನನ್ನ ಮೂರನೇ ತರಗತಿಯಲ್ಲಿ ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಮಗುವನ್ನು ಕಳಿಸುತ್ತಾರೆ. ಹನ್ನೊಂದು ಗಂಟೆಗೆ ಔಷಧಿ ಇಳಿದು ಮಗು ಬೆಂಚಿನ ಮೇಲೆ ತಲೆಯಿಡುತ್ತದೆ. ಜಡಿಮಳೆಗೆ ಕಿಟಕಿ ಮುಚ್ಚಿದ ಕೋಣೆ, 38 ಮಕ್ಕಳು. ಒಂದೇ ವಾರದಲ್ಲಿ 14 ಗೈರು, ಆಮೇಲೆ ನಾನು. ಐದು ದಿನ ರಜೆ, ಸಂಬಳ ಕಡಿತ. ಕುಮಟೆಯವರೂ ಕಳಿಸಿರಬೇಕು.

ಕುಮಟೆಯ ಸೊಸೆ: ಕಳಿಸಲಿಲ್ಲ ಟೀಚರ್. ನಾನು ಕೇಳಿದ್ದು ಅತ್ತೆಯ ವಿಷಯ. ಮೊಮ್ಮಗ ಈಗಲೂ ಅವರ ಮಗ್ಗುಲಲ್ಲೇ ಮಲಗುತ್ತಾನೆ.

ಅಂಕೋಲೆಯ ಟೀಚರ್: ತಪ್ಪು ತಿಳಿದೆ, ಕ್ಷಮಿಸಿ. ಇವತ್ತೇ ಹಾಸಿಗೆ ಬೇರೆ ಮಾಡಿ. ಮಗನನ್ನು ನೋಡಿಕೊಳ್ಳುವವರು ಒಬ್ಬರೇ ಇರಲಿ, ಮಾಸ್ಕ್ ಹಾಕಲಿ. ಅತ್ತೆಗೆ ಮೈ ಬಿಸಿಯಾದರೆ ಕಾಯಬೇಡಿ. ಫ್ಲೂವಿನ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ನನ್ನ ತಾಯಿಗೆ ನಾಲ್ಕನೇ ದಿನ ಕೊಡಿಸಿದ್ದೆ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು.

ಮೇಲುಘಟ್ಟ: ಕಷಾಯ ಕೊಟ್ಟಿದ್ದಿರಾ?

ಕಾಳಿದಂಡೆ: ಮತ್ತೆ ಶುರು!