ಪೈಲಟ್ ನೀರು ಬರ್ತಿದೆ, ಆದ್ರೂ ಔಟ್‌ಬೋರ್ಡ್ ಬಿಸಿ ಆಗ್ತಿದೆ, ಯಾಕೆ?

ಪ್ರಶ್ನೆ: ಅಣ್ಣ, ನಾಡದೋಣಿಯ 9.9 ಎಚ್‌ಪಿ ಎರಡು ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್), ಸೀಮೆಎಣ್ಣೆಯದ್ದು. ಗಂಗೊಳ್ಳಿ ಅಳಿವೆ ದಾಟಿ ಹತ್ತು ನಿಮಿಷ ಫುಲ್ ಕೊಟ್ಟರೆ ಎಳೆತ ಬೀಳುತ್ತದೆ, ಹೆಡ್ (ಸಿಲಿಂಡರಿನ ಮುಚ್ಚಳ) ಮುಟ್ಟಲಿಕ್ಕಾಗುವುದಿಲ್ಲ. ನಿಧಾನ ಓಡಿಸಿದರೆ ತೊಂದರೆಯಿಲ್ಲ. ಪೈಲಟ್ ನೀರು, ಅಂದರೆ ಪಂಪ್ ಓಡುತ್ತಿದೆ ಅಂತ ತೋರಿಸಲು ಹೊರಗೆ ಚಿಮ್ಮುವ ಸಣ್ಣ ಧಾರೆ, ಬರುತ್ತದೆ, ಮೊದಲಿನ ರಭಸ ಇಲ್ಲ. ಥರ್ಮೋಸ್ಟಾಟ್ (ಬಿಸಿ ನೋಡಿ ತಂಪು ನೀರಿನ ದಾರಿ ತೆರೆದು ಮುಚ್ಚುವ ಕವಾಟ) ತೆಗೆದು ಬಿಸಾಡು ಅಂತಾರೆ. ತೆಗೆಯಬಹುದಾ?

ಉತ್ತರ (ಮೆಕ್ಯಾನಿಕ್): ದಯವಿಟ್ಟು ತೆಗೆಯಬೇಡಿ. ಸೀಮೆಎಣ್ಣೆ ಸರಿಯಾಗಿ ಆವಿಯಾಗಬೇಕಾದರೆ ಎಂಜಿನ್ ಒಂದು ಹದಕ್ಕೆ ಬಿಸಿ ಇರಲೇಬೇಕು. ಥರ್ಮೋಸ್ಟಾಟ್ ಇಲ್ಲದೆ ಸದಾ ತಣ್ಣಗೆ ಓಡಿದರೆ ಎಣ್ಣೆ ಅರ್ಧಂಬರ್ಧ ಸುಟ್ಟು ಪ್ಲಗ್‌ಗೂ ಪಿಸ್ಟನ್ ರಿಂಗ್‌ಗೂ ಮಸಿ ಕಟ್ಟುತ್ತದೆ. ಅಲ್ಲದೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಅಂಟಿದ್ದರೆ ನಿಧಾನ ಓಡಿಸುವಾಗಲೂ ಬಿಸಿಯಾಗಬೇಕಿತ್ತು. ನಿಮ್ಮದು ವೇಗದಲ್ಲಿ ಮಾತ್ರ. ಅಂದರೆ ಬೇಕಾದಷ್ಟು ನೀರು ಮೇಲೆ ಏರುತ್ತಿಲ್ಲ.

ಮೊದಲು ಗೇರ್ ಬಾಕ್ಸ್ ಬದಿಯ ನೀರೆಳೆಯುವ ಜಾಲರಿ ನೋಡಿ. ಬಲೆಯ ನೂಲು, ಪ್ಲಾಸ್ಟಿಕ್ ಸಿಕ್ಕಿರುತ್ತದೆ. ಪೈಲಟ್ ತೂತಿಗೆ ಸಣ್ಣ ತಂತಿ ಹಾಕಿ, ಉಪ್ಪು ಗಟ್ಟಿದ್ದರೆ ಬಿಡುತ್ತದೆ. ಇಷ್ಟಕ್ಕೇ ರಭಸ ಮರಳದಿದ್ದರೆ ಇಂಪೆಲ್ಲರ್ (ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ರೆಕ್ಕೆಯ ಚಕ್ರ) ಮೇಲೆ ಅನುಮಾನ ಪಡಿ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲೂ 10 ಎಚ್‌ಪಿವರೆಗಿನ ನಾಡದೋಣಿಗಳು ಇಳಿಯುತ್ತವಲ್ಲ, ಆಗ ಅಳಿವೆಯ ಕೆಂಪು ನೀರಿನ ಜೊತೆ ಬರುವ ಮರಳು ರಬ್ಬರಿನ ರೆಕ್ಕೆಯನ್ನು ಉಜ್ಜಿ ತಿನ್ನುತ್ತದೆ.

ಪ್ಲಗ್ ಕ್ಯಾಪ್ ಕಳಚಿ, ಗೇರ್ ಶಿಫ್ಟ್ ರಾಡ್ ಬಿಡಿಸಿ, ಆಮೇಲೆ ಬೋಲ್ಟ್ ಬಿಚ್ಚಿ ಗೇರ್ ಬಾಕ್ಸನ್ನು ನೇರ ಕೆಳಗೆ ಎಳೆಯಿರಿ. ಪಂಪ್ ಅದರ ಮೇಲೆಯೇ ಕೂತಿರುತ್ತದೆ. ರೆಕ್ಕೆಗಳು ಒಂದೇ ಕಡೆ ಬಾಗಿ ಹಾಗೇ ಉಳಿದಿದ್ದರೆ, ತುದಿ ಸವೆದಿದ್ದರೆ, ಬುಡದಲ್ಲಿ ಬಿರುಕಿದ್ದರೆ ಇಂಪೆಲ್ಲರ್ ಬದಲಿಸಿ. ತುಂಡು ಮುರಿದಿದ್ದರೆ ಆ ತುಂಡು ಸಿಗುವವರೆಗೆ ಹುಡುಕಿ. ನೀರಿನ ಪೈಪಿನಲ್ಲಿ ಸಿಕ್ಕಿಕೊಂಡಿದ್ದರೆ ಹೊಸ ಇಂಪೆಲ್ಲರ್ ಹಾಕಿಯೂ ಪ್ರಯೋಜನವಿಲ್ಲ. ಇಂಪೆಲ್ಲರ್ ಕೂರುವ ಸ್ಟೀಲ್ ಕಪ್ ಮತ್ತು ಕೆಳಗಿನ ತಗಡಿನ ಮೇಲೆ ಉಗುರು ಆಡಿಸಿ, ಗೀರಿಗೆ ಉಗುರು ಸಿಕ್ಕಿದರೆ ಅವನ್ನೂ ಬದಲಿಸಬೇಕು. ಹಲವರು ಇಲ್ಲಿ ಉಳಿತಾಯ ಮಾಡಲು ಹೋಗಿ ಒಂದೇ ಕೆಲಸವನ್ನು ಎರಡು ಸಲ ಮಾಡುತ್ತಾರೆ.

ಹೊಸದಕ್ಕೆ ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ. ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಊದುತ್ತದೆ. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಸಣ್ಣ ಕೀ ಕೂರಿಸಿ, ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಕಪ್ ಅನ್ನು ಒತ್ತಿ. ಆಮೇಲೆ ಹಿಂದಕ್ಕೆ ತಿರುಗಿಸಬೇಡಿ. ಗೇರ್ ಬಾಕ್ಸ್ ಏರಿಸುವಾಗ ನೀರಿನ ಪೈಪು ರಬ್ಬರ್ ಸೀಲಿನೊಳಗೆ ಸರಿಯಾಗಿ ಕೂತಿದೆಯಾ ಅಂತ ಕಣ್ಣಾರೆ ನೋಡಿ. ಪಕ್ಕಕ್ಕೆ ಸರಿದಿದ್ದರೆ ಪಂಪ್ ಎಷ್ಟೇ ಒಳ್ಳೆಯದಿರಲಿ, ನೀರು ಅಲ್ಲೇ ಸೋರುತ್ತದೆ. ಡ್ರಮ್ಮಿನಲ್ಲಿ ಜಾಲರಿ ಪೂರ್ತಿ ಮುಳುಗುವಷ್ಟು ನೀರಿಟ್ಟು ಪರೀಕ್ಷಿಸಿ. ನೀರಿಲ್ಲದ ಒಣ ಓಟ ಕೆಲವು ಸೆಕೆಂಡ್ ಸಾಕು, ಹೊಸ ರಬ್ಬರ್ ಸುಟ್ಟುಹೋಗಲು.

ಪ್ರಶ್ನೆ: ಇಂಪೆಲ್ಲರ್, ಕಪ್ ಎರಡೂ ಹೊಸತು ಹಾಕಿದೆ ಅಣ್ಣ. ಪೈಲಟ್ ಜೋರಾಗಿದೆ. ಆದರೆ ಬಿಸಿ ಪೂರ್ತಿ ಇಳಿದಿಲ್ಲ.

ಉತ್ತರ (ಮೆಕ್ಯಾನಿಕ್): ಕೆಲವು ಮಾಡೆಲ್‌ಗಳಲ್ಲಿ ಪೈಲಟ್ ನೀರು ಹೆಡ್ಡಿಗೆ ಹೋಗುವ ಮೊದಲೇ ಕವಲೊಡೆಯುತ್ತದೆ. ಹಾಗಾಗಿ ಅದು ಪಂಪಿನ ಸಾಕ್ಷಿ, ಹೆಡ್ಡಿನದ್ದಲ್ಲ. ಈಗ ಥರ್ಮೋಸ್ಟಾಟ್ ಬಿಚ್ಚಿ. ನೂಲಿಗೆ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಕಂಪನಿ ಕೊಟ್ಟ ಉಷ್ಣಾಂಶದಲ್ಲಿ ಬಾಯಿ ತೆರೆಯದಿದ್ದರೆ, ಅಥವಾ ಸ್ವಲ್ಪವೇ ತೆರೆದು ನಿಂತರೆ, ಹೊಸದು ಹಾಕಿ.

ಹೆಡ್ ಕವರ್ ಒಳಗೆ ಉಪ್ಪು ಬಿಳಿ ಕಲ್ಲಿನಂತೆ ಕಟ್ಟಿರುತ್ತದೆ. ವಿನೆಗರ್‌ನಲ್ಲಿ ನೆನೆಸಿ ಮರದ ಕಡ್ಡಿಯಿಂದ ಕೆರೆಯಿರಿ. ಕಕ್ಕಸು ತೊಳೆಯುವ ಆಸಿಡ್ ಬೇಡವೇ ಬೇಡ, ಅಲ್ಯೂಮಿನಿಯಂ ತಿನ್ನುತ್ತದೆ. ಗ್ಯಾಸ್ಕೆಟ್ ಪ್ರತಿಸಲ ಹೊಸದು, ಬೋಲ್ಟ್ ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ ಬಿಗಿಯಿರಿ. ಒಂದು ಪ್ಲಗ್ ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ ಎಂದು ತಿಳಿಯಿರಿ.

ಇನ್ನೊಬ್ಬರು: ಇಂಧನಕ್ಕೆ ಬೆರೆಸುವ ಆಯಿಲ್ ಲೆಕ್ಕವೂ ನೋಡಿ. ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರಿಗೆ 20 ಮಿ.ಲೀ. ಕಮ್ಮಿ ಹಾಕಿದರೆ ನೀರು ಎಷ್ಟೇ ಬಂದರೂ ಪಿಸ್ಟನ್ ಬಿಸಿಯಾಗಿ ಹಿಡಿಯುತ್ತದೆ. ನಿಲ್ಲಿಸುವ ಮೊದಲು ಎರಡು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ, ಕಾರ್ಬ್ಯುರೇಟರಿನ ಸೀಮೆಎಣ್ಣೆ ಖಾಲಿಯಾಗಲಿ.

ಉತ್ತರ (ಮೆಕ್ಯಾನಿಕ್): ಸರಿಯಾದ ಮಾತು. ಸಮುದ್ರದಲ್ಲಿ ಬಿಸಿಯಾದರೆ ಹೆಡ್ಡಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಎಂಜಿನ್ ಬಂದ್ ಮಾಡಿ, ಮೇಲಿನ ಮುಚ್ಚಳ ತೆಗೆದು, ಕೈ ತಾಗಿಸಬಹುದಾದಷ್ಟು ತಣಿಯಲು ಬಿಡಿ. ದಡಕ್ಕೆ ಬಂದ ದಿನ ಡ್ರಮ್ಮಿನ ಸಿಹಿ ನೀರಲ್ಲಿ ಹತ್ತು ನಿಮಿಷ ಓಡಿಸಿ, ಮತ್ತೆ ಉಪ್ಪು ಕಟ್ಟುವುದು ಕಡಿಮೆಯಾಗುತ್ತದೆ.