ಜಾ ಪ್ಲೇಟ್ ಹಾರ್ಡ್‌ಫೇಸಿಂಗ್ ಚಕ್ಕೆ ಚಕ್ಕೆಯಾಗಿ ಏಳ್ತಿದೆ, ಪರಿಹಾರ ಹೇಳಿ

ಡೆಂಕಣಿಕೋಟೆ ಜಲ್ಲಿ: ಹೊಸೂರು ಪಕ್ಕ ನಮ್ಮ ಕ್ರಷರ್, ಕಲ್ಲು ಗ್ರಾನೈಟ್. ಕಲ್ಲು ಕಚ್ಚಿ ಪುಡಿಮಾಡೋ ಜಾ ಪ್ಲೇಟ್ ಸವೆದಿತ್ತು. ಅದರ ಹಲ್ಲನ್ನ ಶಾಪಿನವರು 7018 ರಾಡಲ್ಲಿ (ಸಾದಾ ಉಕ್ಕಿನ ವೆಲ್ಡಿಂಗ್ ರಾಡ್) ತುಂಬಿಸಿ, ಮೇಲೆ ಹಾರ್ಡ್‌ಫೇಸಿಂಗ್ ಅಂತ, ಅಂದ್ರೆ ಸವೆತ ತಡೆಯೋ ಗಡುಸು ಪದರವಾಗಿ, ಕ್ರೋಮ್ ಕಾರ್ಬೈಡ್ ಹಾಕಿಕೊಟ್ರು. ವಾರ ತುಂಬೋದ್ರೊಳಗೆ ಅಂಗೈ ಅಗಲದ ಚಕ್ಕೆ ಎದ್ದುಬಂತು. ಬೀಡ್‌ಗೆ (ವೆಲ್ಡಿನ ಸಾಲಿಗೆ) ಅಡ್ಡಲಾಗಿ ಸಣ್ಣ ಬಿರುಕುಗಳೂ ಇವೆ. ಇನ್ನೂ ಗಟ್ಟಿ ರಾಡ್ ಹಾಕಿಸ್ಬೇಕಾ ಅಣ್ಣ?

ಬೆಸುಗೆ ಮೇಷ್ಟ್ರು: ಗಟ್ಟಿ ರಾಡ್ ಬೇಡಪ್ಪ. ಅಡ್ಡ ಬಿರುಕಿಗೂ ಹೆದರ್ಬೇಡಿ, ಕ್ರೋಮ್ ಕಾರ್ಬೈಡ್ ತಣ್ಣಗಾಗೋವಾಗ ಹಾಗೆ ಬಿರಿದೇ ಒತ್ತಡ ಕಳ್ಕೊಳ್ಳುತ್ತೆ. ಚಕ್ಕೆ ಏಳೋದು ಮಾತ್ರ ಬುಡದ ಕಾಯಿಲೆ. ಪ್ಲೇಟಿನ ಸವೆಯದ ಬದಿ ಉಜ್ಜಿ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟದಿದ್ರೆ ಮ್ಯಾಂಗನೀಸ್ ಸ್ಟೀಲ್. ಎದ್ದ ಚಕ್ಕೆಯ ಕೆಳಮೈಗೂ ಹಿಡಿದು ತಿಳಿಸಿ.

ಡೆಂಕಣಿಕೋಟೆ ಜಲ್ಲಿ: ಪ್ಲೇಟಿಗೆ ಅಂಟಲ್ಲ. ಚಕ್ಕೆ ಕೆಳಗೆ ಗಟ್ಟಿಯಾಗಿ ಅಂಟುತ್ತೆ.

ಬೆಸುಗೆ ಮೇಷ್ಟ್ರು: ಹಾಗಾದ್ರೆ ತಪ್ಪು 7018ರದ್ದೇ ಇರ್ಬೇಕು. ಪ್ಲೇಟಲ್ಲಿ ಮ್ಯಾಂಗನೀಸ್ ಸುಮಾರು 12 ಪರ್ಸೆಂಟ್, ಕಾರ್ಬನ್ 1ರ ಆಸುಪಾಸು. ಸಾದಾ ಉಕ್ಕಿನ ರಾಡ್ ಅದ್ರ ಜೊತೆ ಕರಗಿ ಬೆರೆತ ಜಾಗದಲ್ಲಿ ಮ್ಯಾಂಗನೀಸ್ ಅರೆಬರೆ ಆಗಿ ಗಾಜಿನಂಥ ಪದರ ಕೂರುತ್ತೆ. ಕಲ್ಲಿನ ಪೆಟ್ಟು ಬಿದ್ದಾಗ ಅಲ್ಲೇ ಬಿಟ್ಕೊಳ್ಳುತ್ತೆ. ಮೇಲೆ ಎಷ್ಟು ದುಬಾರಿ ರಾಡ್ ಹಾಕಿದ್ರೂ ಉಪಯೋಗ ಇಲ್ಲ.

ಹಳೇ ವೆಲ್ಡನ್ನೆಲ್ಲ ಗ್ರೈಂಡ್ ಮಾಡಿ ತೆಗೀಬೇಕು, ಪೆಟ್ಟು ತಿಂದು ಗಡುಸಾದ ಮೇಲ್ಪದರವನ್ನೂ ಬಿಡಬೇಡಿ. ಮೊದಲ ಪದರ 18-8-ಮ್ಯಾಂಗನೀಸ್ ಸ್ಟೇನ್‌ಲೆಸ್ ರಾಡಲ್ಲಿ (ಕ್ರೋಮಿಯಂ 18, ನಿಕಲ್ 8 ಪರ್ಸೆಂಟ್, ಜೊತೆಗೆ ಮ್ಯಾಂಗನೀಸ್), ತುಂಬಿಸೋದು ಮ್ಯಾಂಗನೀಸ್ ರಾಡಲ್ಲಿ. ಕ್ರೋಮ್ ಕಾರ್ಬೈಡ್ ಬೇಕೇ ಬೇಕಂದ್ರೆ ಒಂದೋ ಎರಡೋ ಪದರ ಸಾಕು. ನನ್ನ ಕೇಳಿದ್ರೆ ಜಾ ಪ್ಲೇಟಿಗೆ ಅದೂ ಬೇಡ. ಗ್ರಾನೈಟ್ ಪೆಟ್ಟಿಗೆ ಮ್ಯಾಂಗನೀಸ್ ತಾನೇ ಗಡುಸಾಗುತ್ತೆ, ಸುಮಾರು 200 ಬ್ರಿನೆಲ್ (ಗಡುಸುತನದ ಅಳತೆ) ಇದ್ದದ್ದು 500ರವರೆಗೂ ಏರುತ್ತೆ.

ಶಾಖದ ವಿಷಯ ಶಾಪಿನವರಿಗೆ ಒತ್ತಿ ಹೇಳಿ. ಮೊದಲೇ ಬಿಸಿ ಮಾಡೋದು ಬೇಡ. ವೆಲ್ಡ್ ಪಕ್ಕದ ಲೋಹ 260 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಪ್ಲೇಟೇ ಪೆಡಸಾಗುತ್ತೆ. ಗಿಡ್ಡ ಬೀಡ್ ಹಾಕಿ, ಬಿಸಿ ಇದ್ದಾಗ್ಲೇ ಸುತ್ತಿಗೇಲಿ ತಟ್ಟಿ, ಮುಂದಿನದನ್ನ ದೂರದ ಹಲ್ಲಿಗೆ ಹಾಕ್ಲಿ. ಬಿಸಿ ಎಷ್ಟಾಯ್ತು ಅಂತ ಗೀಚಿ ನೋಡೋ ಟೆಂಪರೇಚರ್ ಚಾಕ್ ಒಂದು ಕೈಲಿರ್ಲಿ.

ಡೆಂಕಣಿಕೋಟೆ ಜಲ್ಲಿ: ಬೀಡ್ ನಡುವೆ ನೀರು ಹಾಕ್ಬಹುದಾ?

ಬೆಸುಗೆ ಮೇಷ್ಟ್ರು: ಮ್ಯಾಂಗನೀಸಿಗೆ ಹಾಕ್ಬಹುದು, ಒಳ್ಳೇದೇ. ಪ್ಲೇಟನ್ನ ನೀರಿನ ತೊಟ್ಟೀಲಿ ಅರ್ಧ ಮುಳುಗಿಸಿಟ್ಟೂ ವೆಲ್ಡ್ ಮಾಡ್ತಾರೆ. ವೆಲ್ಡ್ ಆಗೋ ಜಾಗ ಮಾತ್ರ ಒಣಗಿರ್ಬೇಕು. ಸಾದಾ ಉಕ್ಕಿನ ಬಕೆಟ್ ಹಲ್ಲಿಗೆ ಮಾತ್ರ ಹೀಗೆ ಮಾಡ್ಬೇಡಿ, ಸೀಳಿಹೋಗುತ್ತೆ.