ಟ್ಯಾಪೆಟ್: ಬಿಡಿಭಾಗವೋ, ಸಂದೋ, ಸದ್ದೋ?

ಮಾನ್ಯರೇ,

ಮೋಟಾರ್‌ಸೈಕಲ್ ಎಂಜಿನ್ನಿನ ಆರೈಕೆಯನ್ನು ಕುರಿತು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ಟ್ಯಾಪೆಟ್’ ಎಂಬ ಪದವನ್ನು ಹೇಗೆ ಬಳಸಬೇಕೆಂಬುದರ ಬಗ್ಗೆ ಪದಬಲ್ಲವರ ಮತ್ತು ಗ್ಯಾರೇಜಿನ ಮಾತನ್ನು ಬಲ್ಲವರ ಸಲಹೆ ಬೇಕಾಗಿದೆ. ಆ ಪದವನ್ನು ತೆಗೆದು ಬೇರೊಂದನ್ನು ತರಬೇಕೆಂಬುದು ನನ್ನ ಉದ್ದೇಶವಲ್ಲ. ಅದು ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಕನ್ನಡದ ಪದವೇ ಆಗಿಬಿಟ್ಟಿದೆ. ತೊಡಕಿರುವುದು ಅದರ ಅರ್ಥದಲ್ಲಿ.

“ಟ್ಯಾಪೆಟ್ ಸವೆದಿದೆ” ಎಂದಾಗ ಅದು ಒಂದು ಬಿಡಿಭಾಗ. “ಟ್ಯಾಪೆಟ್ ಲೂಸಾಗಿದೆ”, “ಟ್ಯಾಪೆಟ್ ಟೈಟ್ ಮಾಡಿ” ಎಂದಾಗ ಅದು ಬಿಡಿಭಾಗವಲ್ಲ, ವಾಲ್ವಿನ (ಸಿಲಿಂಡರಿಗೆ ಗಾಳಿ-ಇಂಧನವನ್ನು ಬಿಡುವ, ಹೊಗೆಯನ್ನು ಹೊರಬಿಡುವ ಬಾಗಿಲಿನ) ತುದಿಗೂ ಅದನ್ನು ಒತ್ತುವ ಸನ್ನೆಯಂಥ ತೋಳಾದ ರಾಕರ್ ಆರ್ಮಿಗೂ ನಡುವೆ ಇರುವ ಅತಿ ಸಣ್ಣ ಸಂದು. “ಗಾಡಿಗೆ ಟ್ಯಾಪೆಟ್ ಬಂದಿದೆ” ಎಂದರೆ ಬರಿಯ ಸದ್ದು. ಎದುರಿಗೆ ಎಂಜಿನ್ ಇರುವಾಗ ಇದರಿಂದ ಯಾವ ಗೊಂದಲವೂ ಆಗುವುದಿಲ್ಲ, ಕಿವಿ ಮತ್ತು ಕೈ ಅರ್ಥವನ್ನು ತಿದ್ದಿಕೊಳ್ಳುತ್ತವೆ. ಬರಹದಲ್ಲಿ ಆ ಅನುಕೂಲವಿಲ್ಲ.

ಮೂಲದಲ್ಲಿ ಟ್ಯಾಪೆಟ್ ಎಂದರೆ ಕ್ಯಾಮಿನ, ಅಂದರೆ ಉಬ್ಬುಳ್ಳ ತಿರುಗುವ ಭಾಗದ, ಮೇಲೆ ಕುಳಿತು, ಅದರ ಉಬ್ಬು ಬಂದಾಗಲೆಲ್ಲ ಮೇಲೇರಿ, ರಾಕರನ್ನು ಆಡಿಸುವ ಕಡ್ಡಿಯಾದ ಪುಶ್‌ರಾಡನ್ನು ತಳ್ಳುವ ಭಾಗ. ಅಮೆರಿಕದವರು ಇದನ್ನೇ ಲಿಫ್ಟರ್ ಎನ್ನುತ್ತಾರೆ. ಎರಕದ ಕಬ್ಬಿಣದ ಹಳೆಯ ಬುಲೆಟ್ ಎಂಜಿನ್ನಿನಲ್ಲಿ ಬದಿಯ ಮುಚ್ಚಳ ತೆಗೆದರೆ ಎರಡು ಪುಶ್‌ರಾಡ್‌ಗಳ ಬುಡ ಕಾಣುತ್ತದೆ. ಎಂಜಿನ್ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿ ನಿಂತಿರುವಾಗ, ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಅಲ್ಲಿ ‘ಟ್ಯಾಪೆಟ್ ಸೆಟ್ಟಿಂಗ್’ ಎಂಬುದು ಅಕ್ಷರಶಃ ನಿಜ. ಸ್ಪ್ಲೆಂಡರಿನಂಥ ಗಾಡಿಗಳಲ್ಲಾದರೋ ಕ್ಯಾಮ್ ಇರುವುದೇ ಸಿಲಿಂಡರಿನ ಮೇಲಿನ ಹೆಡ್ಡಿನಲ್ಲಿ. ಅದು ನೇರವಾಗಿ ರಾಕರನ್ನು ಒತ್ತುವುದರಿಂದ ಟ್ಯಾಪೆಟ್ ಎಂಬ ಪ್ರತ್ಯೇಕ ಭಾಗವೇ ಅಲ್ಲಿಲ್ಲ. ಆದರೂ ರಾಕರಿನ ತುದಿಯ ಸ್ಕ್ರೂ ಮತ್ತು ಲಾಕ್‌ನಟ್ ತಿರುಗಿಸುವ ಕೆಲಸಕ್ಕೆ ಟ್ಯಾಪೆಟ್ ಸೆಟ್ಟಿಂಗ್ ಎಂದೇ ಹೆಸರು. ಭಾಗ ಹೋಗಿ ಹೆಸರು ಉಳಿದು, ಸಂದಿಗೆ ಅಂಟಿಕೊಂಡಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ದಿಗಳು ಟೂ ಸ್ಟ್ರೋಕ್ ಆದ್ದರಿಂದ, ಅಂಥ ವಾಲ್ವುಗಳೇ ಇಲ್ಲದ ಅವುಗಳ ರಿಪೇರಿಯಲ್ಲಿ ಈ ಪದಕ್ಕೆ ಕೆಲಸವಿರಲಿಲ್ಲ.

ಈ ಭೇದವನ್ನು ನಾನು ಒತ್ತಿ ಹೇಳಲು ಕಾರಣ ಹೈಡ್ರಾಲಿಕ್ ಟ್ಯಾಪೆಟ್. ಹಾರ್ಲೆ ಡೇವಿಡ್‌ಸನ್ ಇದನ್ನು 1948ರಲ್ಲೇ ಬಳಸಿತ್ತು. ಬುಲೆಟ್ಟಿನ ಯುಸಿಇ ಎಂಜಿನ್ನಿನಲ್ಲಿಯೂ (ಎಂಜಿನ್, ಗೇರ್ ಬಾಕ್ಸ್ ಎರಡೂ ಒಂದೇ ಕವಚದಲ್ಲಿರುವ ಮಾದರಿ) ಇರುವುದು ಇದೇ. ಇದರೊಳಗಿನ ಪುಟ್ಟ ಪ್ಲಂಜರಿನ ಕೆಳಗೆ ಆಯಿಲ್ ಒತ್ತಡದಿಂದ ತುಂಬಿಕೊಂಡು ಸಂದನ್ನು ತಾನೇ ಮುಚ್ಚುತ್ತದೆ. ಹೊಂದಿಸಲು ಸಂದೇ ಉಳಿಯುವುದಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಇಳಿದುಹೋಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕೆಲವು ಸೆಕೆಂಡು ಚಟಚಟ ಎಂದು ಸುಮ್ಮನಾಗುವುದುಂಟು. ಸದ್ದು ನಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಆಯಿಲಿನ ಮಟ್ಟ, ದಪ್ಪ ಮತ್ತು ಕೊಳೆ. ಇಂಥ ಎಂಜಿನ್ನಿನವರಿಗೆ “ಟ್ಯಾಪೆಟ್ ಟೈಟ್ ಮಾಡಿಸಿ” ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಸ್ಕ್ರೂ ಇರುವ ಎಂಜಿನ್ನಿನಲ್ಲಿ ಅದೇ ಮಾತು ಅಪಾಯಕ್ಕೂ ದಾರಿ: ಅತಿಯಾಗಿ ಬಿಗಿದರೆ ಸದ್ದೇನೋ ಅಡಗುತ್ತದೆ, ಆದರೆ ಬಿಸಿಗೆ ಹಿಗ್ಗಿದ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ, ಶಾಖವನ್ನು ಅಲ್ಲಿಗೆ ದಾಟಿಸಲಾರದೆ ಸುಟ್ಟುಹೋಗುತ್ತದೆ. ಸದ್ದಿಗೂ ಸಂದಿಗೂ ಒಂದೇ ಹೆಸರಿರುವುದರಿಂದಲೇ, ಸದ್ದು ನಿಂತರೆ ಸಂದು ಸರಿಯಾಯಿತೆಂದು ಓದುಗರು ತಿಳಿಯುವ ಸಂಭವ ಹೆಚ್ಚು.

ಆದ್ದರಿಂದ ‘ಟ್ಯಾಪೆಟ್’ ಅನ್ನು ಬಿಡಿಭಾಗಕ್ಕೆ ಮಾತ್ರ ಮೀಸಲಿಟ್ಟು, ತೆಳು ಲೋಹದ ಪಟ್ಟಿಗಳ ಫೀಲರ್ ಗೇಜಿನಿಂದ ಅಳೆಯುವ ಸಂದನ್ನು ‘ವಾಲ್ವ್ ಸಂದು’ ಎನ್ನಬೇಕೆಂದಿದ್ದೇನೆ. ‘ಅಂತರ’ ಎಂದರೆ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಎಣಿಸುವ ಈ ಅಳತೆಗೆ ತೀರ ದೊಡ್ಡದಾಯಿತು. ‘ಸಡಿಲ’ ಎಂದರೆ ಇರಲೇಬೇಕಾದ ಸಂದೂ ದೋಷದಂತೆ ಕೇಳುತ್ತದೆ. ‘ಸಂದು’ ಎಂಬುದಕ್ಕೆ ಕೀಲು ಎಂಬ ಅರ್ಥವೂ ಇರುವುದು ನನಗಿರುವ ಒಂದೇ ಅಳುಕು. ಲಿಫ್ಟರಿಗೆ ‘ಎತ್ತುಗ’ ಎಂಬ ಹೊಸ ಪದವನ್ನು ಕಟ್ಟಬಹುದಾದರೂ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದರೆ ಸಿಗದ ಹೆಸರನ್ನು ಕೈಪಿಡಿಯಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಇನ್ನು ಸದ್ದಿನ ಪದ. ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 1000 ಸುತ್ತಿನ ಐಡ್ಲಿಂಗ್‌ನಲ್ಲಿದ್ದರೆ ಒಂದು ವಾಲ್ವ್ 500 ಸಲ, ಅಂದರೆ ಸೆಕೆಂಡಿಗೆ ಸುಮಾರು ಎಂಟು ಸಲ ತೆರೆಯುತ್ತದೆ. ಈ ವೇಗಕ್ಕೆ, ಲೋಹದ ಆ ಹಗುರವಾದ ಬಡಿತಕ್ಕೆ, ಬಿಡಿಬಿಡಿಯಾದ ‘ಟಕ್ ಟಕ್’ಗಿಂತ ‘ಚಟಚಟ’ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಕಿವಿಯ ತೀರ್ಮಾನ. ಸಡಿಲಗೊಂಡ ಟೈಮಿಂಗ್ ಚೈನಿಗೆ ‘ಗರಗರ’ ಎಂದೂ, ಸವೆದ ಕನೆಕ್ಟಿಂಗ್ ರಾಡ್ ಬೇರಿಂಗಿನ ಭಾರವಾದ ಬಡಿತಕ್ಕೆ ‘ದಡದಡ’ ಎಂದೂ ಬರೆದರೆ ಓದುಗರು ಸದ್ದನ್ನು ಕೇಳಿಯೇ ಭಾಗವನ್ನು ಊಹಿಸಬಲ್ಲರು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಈ ಮೂರು ಸದ್ದುಗಳಿಗೆ ಬೇರೆ ಅನುಕರಣ ಪದಗಳು ಬಳಕೆಯಲ್ಲಿದ್ದರೆ, ಸಂದಿಗೆ ಮೆಕ್ಯಾನಿಕ್‌ಗಳೇ ಹೇಳುವ ಬೇರೆ ಮಾತಿದ್ದರೆ, ಯಾವ ಸಂದರ್ಭದಲ್ಲಿ ಹಾಗೆನ್ನುತ್ತಾರೆ ಎಂಬುದರ ಸಹಿತ ದಯವಿಟ್ಟು ತಿಳಿಸಿ.